ಇಲ್ಲಿಂದ ಬಿಡಿಸಿ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಮೆಟ್ಟಿಲು ಹತ್ತಿದರೆ
ನನ್ನ ಅಂಗಡಿ. ಒಂದು ಕಂಪ್ಯೂಟರು, ಒಂದು ಫ್ಯಾನು,
ಇಲ್ಲಿ ಹುಟ್ಟಿದ ಲೇಬಲ್ಲುಗಳು ಗೋಡೆ ತುಂಬ:
ಫಿನಾಯಿಲು, ಕಡಲೆಮಿಠಾಯಿ, ದನದ ಹಿಂಡಿ, ಹೇನಿನ ಎಣ್ಣೆ.
ಎಲ್ಲಕ್ಕೂ ಹಿಂದೆ ಒಂದು ಹೊಳೆವ ಸೂರ್ಯ.
ಸೂರ್ಯ ಬೇಕು ಅಂತಾರೆ, ಹಾಕುತ್ತೇನೆ.
ಅದಕ್ಕೆ ಬೇರೆ ರೇಟಿಲ್ಲ.

ದುದ್ದದ ಚೆಲುವಾಜಮ್ಮ ಬಂದದ್ದು
ಸ್ಟೀಲಿನ ಡಬ್ಬಿ ಸಮೇತ.
ಮುಚ್ಚಳ ತೆಗೆದಳು, ಮಾತಾಡಲಿಲ್ಲ.
ಬಸ್ಸಾರಿನ ಪುಡಿ.
ಕೆಳಗಡೆ ಟೈಲರ್ ಅಜ್ಮತ್ ಸೀನಿದ,
ಮಿಷನ್ನು ನಿಲ್ಲಿಸಿ ಮೇಲೆ ಬಂದು ಕೇಳಿದ:
ಯಾರ ಮನೆ ಊಟ ಇವತ್ತು?
ಅದಕ್ಕಿಂತ ಒಳ್ಳೆ ಜಾಹೀರಾತು
ನಾನು ಈವರೆಗೆ ಮಾಡಿಲ್ಲ.

ಘಮಲನ್ನು ಪ್ರಿಂಟು ಹಾಕಲಾಗುವುದಿಲ್ಲವಲ್ಲ.
ಜೊತೆಗೆ ಬಂದ ತಂಗಿಯ ಮಗ ಲೋಹಿತ
ಫೋನು ತೆರೆದು ತೋರಿಸುತ್ತ ಹೋದ:
ಹಿಂಗೆ ಹೊಳೀಬೇಕು, ಹಿಂಗೆ ಚಿನ್ನದ ಅಕ್ಷರ,
ಹತ್ತು ತಗೊಂಡ್ರೆ ಒಂದು ಚಮಚ ಫ್ರೀ,
ಒಬ್ಬಳು ಹುಡುಗಿ ನಗ್ತಾ ಬಡಿಸೋ ಥರ.
"ಬಡಿಸೋಳು ನಗಲ್ಲ ಕಣೋ," ಅಂದಳು ಚೆಲುವಾಜಮ್ಮ,
"ಸಾಲ್ತದೋ ಇಲ್ವೋ ಅಂತ ತಪ್ಪಲೆ ನೋಡ್ತಿರ್ತಾಳೆ."

ಹುಡುಗಿಯನ್ನು ತೆಗೆದೆ. ಸೂರ್ಯ ಉಳಿಯಿತು.
ಎರಡು ಸಾವಿರ ಪೊಟ್ಟಣ, ಮೂರು ಪದರದ ಹಾಳೆ,
ತೇವ ಹೊಗದು, ಗಾಳಿ ಹೊಗದು, ಇರುವೆಗೂ ದಾರಿಯಿಲ್ಲ.
ಹೊಸ ಬಸ್ ಸ್ಟ್ಯಾಂಡಿನ ಎದುರು ಛತ್ರಿ ನೆಟ್ಟು
ತಾನೇ ಸಾರು ಕುದಿಸಿ, ಕಾಗದದ ಲೋಟದಲ್ಲಿ
ಗುಟುಕು ಗುಟುಕು ಕೊಟ್ಟಳು
ಅರಸೀಕೆರೆ ಬಸ್ಸಿನವರಿಗೆ, ಸಕಲೇಶಪುರದವರಿಗೆ,
ನಿಂತಲ್ಲೇ ತೂಕಡಿಸುತ್ತಿದ್ದ ಕಂಡಕ್ಟರಿಗೆ.
ಕುಡಿದವರು ಕೊಂಡರು.
ಕೊಂಡವರು ಮತ್ತೆ ಬರಲಿಲ್ಲ.

ತಿಂಗಳಾದ ಮೇಲೆ ಒಬ್ಬಳೇ ಬಂದಳು.
ಮೇಜಿನ ಮೇಲೊಂದು ಪೊಟ್ಟಣ ಇಟ್ಟು,
"ತೆಗಿಯಪ್ಪ ನೋಡನ."
ಎಳೆದೆ. ಜಗ್ಗಿತು, ಬಿಡಲಿಲ್ಲ.
ಉಗುರು ಹಾಕಿದೆ. ಕತ್ತರಿಗೆ ಕೈ ಚಾಚಿದೆ.
"ಊಹೂಂ. ಕೈ ಒದ್ದೆ ಐತೆ ಅನ್ಕೊ.
ಒಲೆ ಮ್ಯಾಲೆ ಉಕ್ತಾ ಐತೆ ಅನ್ಕೊ."
ಹಲ್ಲು ಹಾಕಿದೆ.
ಖಾರ ಮೂಗಿಗೆ, ಕಣ್ಣಿಗೆ, ಕೀಬೋರ್ಡಿಗೆ.
ನನ್ನ ಚಿನ್ನದಕ್ಷರ ಅಡ್ಡಡ್ಡ ಸೀಳಿತ್ತು.
ಕೆಮ್ಮುತ್ತಿದ್ದವನಿಗೆ ಅವಳೇ ನೀರು ಕೊಟ್ಟಳು:
"ಹಲ್ಲಿರೋರಿಗೆ ಮಾತ್ರ ಮಾರಕ್ಕಾಯ್ತದಾ?"

ಒಂದು ಕಚ್ಚು ಬೇಕಿತ್ತು, ಅಷ್ಟೆ.
ಅಂಚಿನಲ್ಲಿ ಇಲಿ ಕಡಿದಷ್ಟು.
ಪಕ್ಕದಲ್ಲೊಂದು ಬಾಣ, ಚುಕ್ಕಿಸಾಲು, ಒಂದು ಮಾತು.
ಆ ಮಾತಿಗೇ ಮಧ್ಯಾಹ್ನವೆಲ್ಲ ಹಿಡಿಯಿತು.
ಕತ್ತರಿಸಿ ಅಂದರೆ ಕತ್ತರಿ ಹುಡುಕುತ್ತಾರೆ.
ಸೀಳಿ ಅಂದರೆ ಸೌದೆ ಒಡೆದ ಹಾಗೆ.
ಬಿಚ್ಚಿ ಅಂದದ್ದಕ್ಕೆ
ಅಜ್ಮತನ ಕಾಜಾ ಹುಡುಗ ಕಿಸಕ್ಕೆಂದ.
ಹರಿಯಿರಿ ಅಂತ ಬರೆದೆ. ಒಪ್ಪಲಿಲ್ಲ,
"ಹರಕು ಅನ್ನೋ ಮಾತು ಅಡುಗೆಮನೇಲಿ ಬ್ಯಾಡ."

ಲೈಟು ಹಾಕುವ ಹೊತ್ತಿಗೆ ಅವಳು
ಚೀಲದಿಂದ ಅವರೆಕಾಯಿ ಸುರಿದುಕೊಂಡು
ನನ್ನ ಮೇಜಿನ ಮೇಲೇ ಶುರುಮಾಡಿದಳು,
ರಾತ್ರಿಯ ಸಾರಿಗೆ, ಸಮಯ ಯಾಕೆ ಹಾಳು ಅಂತ.
ತುದಿ ಮುರಿದು, ನಾರೆಳೆದು, ಹೆಬ್ಬೆರಳು ಒಳಗೆ.
"ಇದಕ್ಕೇನಂತೀವಿ? ಬಿಡಿಸೋದು.
ಅದನ್ನೇ ಬರಿ."

ಇಪ್ಪತ್ತೆರಡು ವರ್ಷ ಚಿತ್ರ ಬಿಡಿಸಿ ಉಂಡವನಿಗೆ
ಆ ಪದ ಹೊಳೆದಿರಲಿಲ್ಲ.

ಈಗ ಪೊಟ್ಟಣ ಬೇಲೂರಿಗೂ ಹೋಗುತ್ತದೆ, ಹೊಳೆನರಸೀಪುರಕ್ಕೂ.
ಎಲ್ಲ ಚಮಚದ ಮಹಿಮೆ ಅಂತಾನೆ ಲೋಹಿತ. ಇರಲಿ.
ಮೊನ್ನೆ ಸಾಲಗಾಮೆ ರಸ್ತೆಯ ಹಾಸ್ಟೆಲಿನ
ಹಿತ್ತಿಲ ಮೋರಿಯ ಪಕ್ಕ
ಒಂದು ಚೂರು ಕಂಡೆ, ಮುಕ್ಕೋನು, ಉಗುರಿನಷ್ಟು:
ಬಾಣದ ಮೊನೆ, ಮೂರು ಚುಕ್ಕಿ, "ಇಲ್ಲಿಂದ ಬಿ".
ಸೂರ್ಯನಿಲ್ಲ, ಹೆಸರಿಲ್ಲ, ಬೆಲೆಯಿಲ್ಲ.
ಯಾರೋ ಹಸಿದವರು ಎಲ್ಲಕ್ಕಿಂತ ಮೊದಲು ಎಸೆದದ್ದು.
ಈ ಮೂಲೆಗೆ ನಾನು ಬಿಲ್ಲು ಮಾಡಿರಲಿಲ್ಲ.

ಬಗ್ಗಿ ಎತ್ತಿಕೊಂಡೆ. ಜೇಬಿನಲ್ಲಿ ಎರಡು ದಿನ
ಘಮ್ಮೆನ್ನುತ್ತಿತ್ತು.